ಪ್ಯಾಕೆಟ್ ಕಳೆದರೆ ದಾರಿ ತುಂಬಿದೆ ಅಂತಲೇ ಅರ್ಥವಾ?

ಪ್ರಶ್ನೆ: ಮುಧೋಳದಲ್ಲಿ ಕೋಚಿಂಗ್ ಕ್ಲಾಸ್ ನಡೆಸುತ್ತೇವೆ. ಪಾಠದ ವಿಡಿಯೊಗಳು ಮುಂಬೈನಲ್ಲಿ ಬಾಡಿಗೆಗೆ ತೆಗೆದುಕೊಂಡ ಲಿನಕ್ಸ್ ಸರ್ವರ್‌ನಲ್ಲಿವೆ. ಫೈಬರ್ ಇರುವ ಮನೆಗಳಲ್ಲಿ ಚೆನ್ನಾಗಿ ಓಡುತ್ತವೆ, ಹಳ್ಳಿಯಲ್ಲಿ ಮೊಬೈಲ್ ಡೇಟಾದಲ್ಲಿ ನೋಡುವ ಮಕ್ಕಳಿಗೆ ನಿಂತು ನಿಂತು ಬರುತ್ತವೆ. ಸರ್ವರ್ ಎಷ್ಟು ವೇಗದಲ್ಲಿ ಡೇಟಾ ಕಳಿಸಬೇಕು ಅಂತ ತೀರ್ಮಾನಿಸುವ ಕ್ಯೂಬಿಕ್ ಪದ್ಧತಿ ತೆಗೆದು ಬಿಬಿಆರ್ ಪದ್ಧತಿ ಹಾಕಿ ಅಂತ ಗೆಳೆಯರು ಹೇಳಿದರು. ಹಾಕಬಹುದಾ?
– ಓದುಗರು, ಮುಧೋಳ

ಉತ್ತರ: ಹಾಕಿ ನೋಡಿ ಸರ್. ಆದರೆ ಯಾಕೆ ಹಾಕುತ್ತಿದ್ದೀರಿ ಅಂತ ಗೊತ್ತಿದ್ದು ಹಾಕಿ.

ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆ ಮುಂದೆ ಟ್ರ್ಯಾಕ್ಟರ್ ಸಾಲು ನಿಲ್ಲುವುದನ್ನು ನೀವು ದಿನಾ ನೋಡುತ್ತೀರಿ ಅಲ್ವಾ? ಕಾರ್ಖಾನೆ ಗಂಟೆಗೆ ನುರಿಸುವುದು ಇಷ್ಟೇ. ಹೊಲದಿಂದ ಜಾಸ್ತಿ ಗಾಡಿ ಬಿಟ್ಟರೆ ಸಾಲು ಬೆಳೆಯುತ್ತದೆ, ಕಬ್ಬು ಬೇಗ ಇಳಿಯುವುದಿಲ್ಲ. ಕ್ಯೂಬಿಕ್ ಗಾಡಿ ಹೆಚ್ಚಿಸುತ್ತಾ ಹೋಗುತ್ತದೆ. ಯಾರ್ಡ್ ತುಂಬಿ ಒಂದು ಗಾಡಿ ವಾಪಸ್ ಬಂದಾಗ, ಅಂದರೆ ಒಂದು ಪ್ಯಾಕೆಟ್ (ಕಳಿಸುವ ಡೇಟಾದ ಒಂದು ತುಣುಕು) ಕಳೆದಾಗ, ಸುಮಾರು ಶೇ 30ರಷ್ಟು ಕಡಿಮೆ ಮಾಡಿ ಮತ್ತೆ ಏರಲು ಶುರು ಮಾಡುತ್ತದೆ. 2016ರಲ್ಲಿ ಗೂಗಲ್ ಹೊರತಂದ ಬಿಬಿಆರ್ ಹಾಗಲ್ಲ. ಗಂಟೆಗೆ ಎಷ್ಟು ಗಾಡಿ ಖಾಲಿಯಾಗುತ್ತಿವೆ, ದಾರಿ ಖಾಲಿ ಇದ್ದರೆ ಹೋಗಿ ಬರಲು ಎಷ್ಟು ಹೊತ್ತು ಬೇಕು, ಇವೆರಡನ್ನು ಅಳೆದು ಆ ಲೆಕ್ಕಕ್ಕೇ ಗಾಡಿ ಬಿಡುತ್ತದೆ.

ಪ್ಯಾಕೆಟ್ ಕಳೆದರೆ ದಾರಿ ತುಂಬಿದೆ ಅನ್ನುವ ಲೆಕ್ಕ ಹಳೆಯದು. 1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಬರೀ 400 ಗಜ ದೂರದ ಎರಡು ಜಾಗಗಳ ನಡುವೆ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತು. ಅದಕ್ಕೆ ನೆಟ್‌ವರ್ಕ್ ತಜ್ಞ ವ್ಯಾನ್ ಜೇಕಬ್ಸನ್ 1988ರಲ್ಲಿ ಕೊಟ್ಟ ಪರಿಹಾರವೇ ಇಂದಿನ ಪದ್ಧತಿಗಳ ಬೇರು. ತಂತಿಯ ಮೇಲೆ ಆ ಲೆಕ್ಕ ಬಹಳ ಮಟ್ಟಿಗೆ ಸರಿ. ಮೊಬೈಲ್‌ನಲ್ಲಿ ಸಿಗ್ನಲ್ ಕೆಟ್ಟರೂ ಪ್ಯಾಕೆಟ್ ಕಳೆಯುತ್ತದೆ, ದಾರಿ ಖಾಲಿ ಇದ್ದರೂ ಕ್ಯೂಬಿಕ್ ಸುಮ್ನೆ ಹೆದರಿ ನಿಧಾನ ಮಾಡುತ್ತದೆ. ಅಲ್ಲಿ ಬಿಬಿಆರ್ ನಿಮಗೆ ಕೆಲಸಕ್ಕೆ ಬರುತ್ತದೆ.

ಕೆಲಸಕ್ಕೆ ಬರದ ಜಾಗವೂ ಇದೆ. ಸಂಜೆ ಮಾತ್ರ ವಿಡಿಯೊ ನಿಲ್ಲುತ್ತಿದ್ದು, ಬೆಳಗಿನ ಜಾವ ಸರಾಗ ಓಡಿದರೆ, ಆ ಟವರ್‌ಗೇ ಜನ ಜಾಸ್ತಿಯಾಗಿದ್ದಾರೆ ಅಂತ ತಿಳಿಯಿರಿ. ಆಗ ಯಾವ ಪದ್ಧತಿಯೂ ಇಲ್ಲದ ಜಾಗ ಹುಟ್ಟಿಸುವುದಿಲ್ಲ. ಕಡಿಮೆ ಡೇಟಾ ಸಾಕಾಗುವ 360ಪಿ, 240ಪಿ ಪ್ರತಿಗಳನ್ನೂ ಇಡಿ, ಮಕ್ಕಳಿಗೆ ನಿಜಕ್ಕೂ ಬೇಕಾದದ್ದು ಬೋರ್ಡ್ ಮೇಲಿನ ಅಕ್ಷರ ಮತ್ತು ನಿಮ್ಮ ದನಿ. ಇನ್ನೊಂದು, ಬಿಬಿಆರ್‌ನ ಮೊದಲ ಆವೃತ್ತಿ ದಾರಿಯ ಬಫರ್ (ಪ್ಯಾಕೆಟ್‌ಗಳು ಸಾಲು ನಿಲ್ಲುವ ಯಾರ್ಡ್) ಚಿಕ್ಕದಿದ್ದಾಗ ಪಕ್ಕದವರ ಪಾಲನ್ನೂ ಎಳೆದುಕೊಳ್ಳುತ್ತದೆ, ಒಮ್ಮೆ ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸುತ್ತದೆ. ನಮಗೆ ಲಾಭವಿಲ್ಲದೆ ಇನ್ನೊಬ್ಬರ ಪಾಲು ತಿನ್ನುವುದು ಸರಿಯಲ್ಲ, ಫರಕು ಕಾಣದಿದ್ದರೆ ತೆಗೆದುಬಿಡಿ.

ಬದಲಾವಣೆ ಕಳಿಸುವ ಕಡೆ ಮಾತ್ರ, ಮಕ್ಕಳ ಫೋನ್ ಮುಟ್ಟಬೇಕಿಲ್ಲ. ಸರ್ವರ್‌ನ ಕರ್ನಲ್ (ಲಿನಕ್ಸ್‌ನ ತಿರುಳು) 4.9 ಅಥವಾ ಅದಕ್ಕಿಂತ ಹೊಸದಿರಬೇಕು. ಸಿಡಿಎನ್ (ವಿಡಿಯೊದ ಪ್ರತಿ ಇಟ್ಟುಕೊಂಡು ನೋಡುವವರಿಗೆ ಹತ್ತಿರದಿಂದ ಕಳಿಸುವ ಸರ್ವರ್‌ಗಳ ಜಾಲ) ಮೂಲಕ ವಿಡಿಯೊ ಹೋಗುತ್ತಿದ್ದರೆ ಫೋನಿಗೆ ಕಳಿಸುವುದು ಆ ಸಿಡಿಎನ್, ನಿಮ್ಮ ಸರ್ವರ್‌ನಲ್ಲಿ ಬದಲಿಸಿ ಹೆಚ್ಚು ಉಪಯೋಗವಿಲ್ಲ. ಎಚ್‌ಟಿಟಿಪಿ 3 (ವೆಬ್ ಡೇಟಾ ಸಾಗಿಸುವ ಹೊಸ ವಿಧಾನ) ಬಳಸಿದ್ದರೂ ಕರ್ನಲ್‌ನ ಈ ಕ್ಯೂಬಿಕ್-ಬಿಬಿಆರ್ ಸೆಟ್ಟಿಂಗ್ ಅದಕ್ಕೆ ತಾಕುವುದಿಲ್ಲ, ಇದನ್ನು ಮೊದಲು ನೋಡಿಕೊಳ್ಳಿ.

ಒಂದು ವಾರ ಕ್ಯೂಬಿಕ್, ಇನ್ನೊಂದು ವಾರ ಬಿಬಿಆರ್ ಇಟ್ಟು, ಅದೇ ಹಳ್ಳಿಯ ಅದೇ ನಾಲ್ಕೈದು ಮಕ್ಕಳಿಂದ ಅದೇ ಹೊತ್ತಿಗೆ ಅದೇ ಪಾಠ ಹಾಕಿಸಿ, ಎಷ್ಟು ಸಲ ನಿಂತಿತು ಅಂತ ಬರೆಸಿಕೊಳ್ಳಿ. ಫೈಬರ್ ಮನೆಯಲ್ಲಿ ಕೂತು ಅಳೆದ ವೇಗವನ್ನು ಇದಕ್ಕೆ ಲೆಕ್ಕ ಹಿಡಿಯಬೇಡಿ.