ಹನ್ನೆರಡು ದಿನ, ಗಂಡ ಹೆಂಡತಿ, ಒಂದು ಆರ್‌ವಿ: ಎಷ್ಟು ಪಾರ್ಕ್ ನೋಡಬಹುದು?

ನಿಮ್ಮ ಪ್ರಶ್ನೆ ಓದಿದೆ. ಅಕ್ಟೋಬರ್‌ನಲ್ಲಿ 12 ದಿನ ರಜೆ. ನೀವು ಮತ್ತು ನಿಮ್ಮ ಹೆಂಡತಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಆರ್‌ವಿ, ಅಂದರೆ ಅಡುಗೆ, ಹಾಸಿಗೆ, ಶೌಚ ಎಲ್ಲ ಒಳಗೇ ಇರುವ ಮನೆಗಾಡಿ, ಬಾಡಿಗೆಗೆ ತಗೊಂಡು ಯೂಟಾ, ಅರಿಜೋನಾ ರಾಜ್ಯಗಳ ದೊಡ್ಡ ಪ್ರಕೃತಿ ಪಾರ್ಕುಗಳಾದ ಝಾಯನ್, ಬ್ರೈಸ್, ಕ್ಯಾಪಿಟಲ್ ರೀಫ್, ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್, ಮಾನ್ಯುಮೆಂಟ್ ವ್ಯಾಲಿ, ಗ್ರ್ಯಾಂಡ್ ಕ್ಯಾನ್ಯನ್, ಸಾಧ್ಯವಾದರೆ ಯೆಲ್ಲೋಸ್ಟೋನ್ ಕೂಡ ನೋಡಬೇಕು ಅಂದಿದ್ದೀರಿ. ಇದು ಆಗುತ್ತಾ, ಹೋಟೆಲಿಗಿಂತ ಅಗ್ಗವಾ, ಊಟಕ್ಕೆ ಏನು ಮಾಡೋದು ಅಂತ ಕೇಳಿದ್ದೀರಿ.

ಓಡಿಸಿಕೊಂಡು ಹೋಗಬಹುದು. ಆದರೆ ನೋಡಲಿಕ್ಕೆ ಆಗುವುದಿಲ್ಲ. ಯೆಲ್ಲೋಸ್ಟೋನ್ ಈಗಲೇ ಬಿಟ್ಟುಬಿಡಿ. ಅದು ಉತ್ತರದಲ್ಲಿ ಬಹಳ ದೂರ, ಅಕ್ಟೋಬರ್ ಮಧ್ಯದ ಹೊತ್ತಿಗೆ ಅಲ್ಲಿನ ಹೆಚ್ಚಿನ ಕ್ಯಾಂಪ್‌ಗ್ರೌಂಡ್‌ಗಳು (ರಾತ್ರಿ ಗಾಡಿ ನಿಲ್ಲಿಸಿ ತಂಗುವ ಜಾಗಗಳು) ಮುಚ್ಚಿರುತ್ತವೆ. ಉಳಿದ ಏಳರಲ್ಲಿ ಇನ್ನೂ ಎರಡನ್ನು ತೆಗೆಯಿರಿ.

ನಾನೂ ನಮ್ಮ ಮನೆಯವರೂ ಈ ದಾರಿಯಲ್ಲಿ ಎರಡು ಸಲ ಹೋಗಿದ್ದೇವೆ. 2017ರಲ್ಲಿ ಹತ್ತು ದಿನಕ್ಕೆ ಏಳು ಜಾಗ ನೋಡಿದೆವು. 2023ರ ಅಕ್ಟೋಬರ್‌ನಲ್ಲಿ ಹನ್ನೆರಡು ದಿನಕ್ಕೆ ನಾಲ್ಕು ಪಾರ್ಕ್, ನಡುವೆ ಮಾನ್ಯುಮೆಂಟ್ ವ್ಯಾಲಿಯಲ್ಲಿ ಒಂದು ರಾತ್ರಿ. ಮೊದಲನೆಯದರಲ್ಲಿ ನನಗೆ ನೆನಪಿರುವುದು ಗಾಡಿಯ ಮುಂದಿನ ಗಾಜು ಮಾತ್ರ. ಎರಡನೆಯದರ ಒಂದೊಂದು ದಿನವನ್ನೂ ಈಗಲೂ ಹೇಳಬಲ್ಲೆ.

ಯಾಕೆ ಅಂದರೆ, ಆರ್‌ವಿ ಅಂದರೆ ಕಾರಲ್ಲ. ಬೆಳಿಗ್ಗೆ ಹೊರಡುವಾಗ ಕರೆಂಟಿನ ಕೇಬಲ್ ಬಿಚ್ಚಬೇಕು, ನೀರಿನ ಪೈಪ್ ಬಿಚ್ಚಬೇಕು, ಕೊಳಚೆ ಪೈಪ್ ತೊಳೆದು ಇಡಬೇಕು, ಕಪಾಟಿನ ಬಾಗಿಲು ಒಂದೊಂದೂ ಚಿಲಕ ಹಾಕಿದೆಯಾ ನೋಡಬೇಕು. ಇಲ್ಲದಿದ್ದರೆ ಮೊದಲ ತಿರುವಿನಲ್ಲೇ ಪಾತ್ರೆಗಳೆಲ್ಲ ನೆಲಕ್ಕೆ. ಸಂಜೆ ಇನ್ನೊಂದು ಕಡೆ ಇದೆಲ್ಲ ಮತ್ತೆ ಜೋಡಿಸಬೇಕು, ಗಾಡಿ ಸಮತಟ್ಟಾಗಿ ನಿಲ್ಲಲು ಚಕ್ರದ ಕೆಳಗೆ ಹಲಗೆ ಕೊಡಬೇಕು. ಏರಿನಲ್ಲಿ ಗಾಡಿ ನಿಧಾನ. 25 ಅಡಿ ಗಾಡಿಗೆ ವ್ಯೂ ಪಾಯಿಂಟ್‌ಗಳಲ್ಲಿ ಜಾಗ ಸಿಗುವುದು ಅಪರೂಪ. ಮ್ಯಾಪ್ ಎರಡು ಗಂಟೆ ಅಂದರೆ ನೀವು ಅರ್ಧ ದಿನ ಅಂತಲೇ ಇಟ್ಟುಕೊಳ್ಳಿ.

ಆರ್‌ವಿಯ ಸುಖ ಇರುವುದು ನಿಂತಾಗ. ಹಗಲಿನ ಜನ ಎಲ್ಲ ಹೋಟೆಲಿಗೆ ಹೋದ ಮೇಲೆ ನೀವು ಪಾರ್ಕಿನ ಒಳಗೇ ಇರುತ್ತೀರಿ ಅಲ್ವಾ, ಆ ಸಂಜೆ ಮತ್ತು ಮಾರನೆಯ ಬೆಳಿಗ್ಗೆ, ಅದಕ್ಕೋಸ್ಕರ ಇಷ್ಟೆಲ್ಲ ಕಷ್ಟ ಪಡುವುದು.

ಝಾಯನ್‌ನಲ್ಲಿ ನಾವು ವಾಚ್‌ಮನ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಮೂರು ರಾತ್ರಿ ಇದ್ದೆವು. ಪಕ್ಕದಲ್ಲೇ ವರ್ಜಿನ್ ನದಿ. ಕಣಿವೆಯ ಒಳಗಿನ ರಸ್ತೆಗೆ ವಸಂತದಿಂದ ಶರತ್ಕಾಲದ ಕೊನೆಯವರೆಗೆ ಸ್ವಂತ ಗಾಡಿ ಬಿಡುವುದಿಲ್ಲ, ಪಾರ್ಕಿನ ಬಸ್ಸಿನಲ್ಲೇ ಹೋಗಬೇಕು. ಕ್ಯಾಂಪಿನಿಂದ ಬಸ್ ಹೊರಡುವ ಜಾಗಕ್ಕೆ ನಡೆದೇ ಹೋಗಬಹುದು. ಹೊರಗಿನಿಂದ ಬಂದವರು ಪಾರ್ಕಿಂಗ್ ಹುಡುಕುತ್ತಾ ಇರುವ ಹೊತ್ತಿಗೆ ನಾವು ಮೊದಲ ಬಸ್ಸಿನಲ್ಲಿ ಕೂತಿದ್ದೆವು.

ನನ್ನ ತವರು ಬಾಗಲಕೋಟೆ ಕಡೆ. ಚಿಕ್ಕವಳಿದ್ದಾಗ ಬಾದಾಮಿಯಲ್ಲಿ ಅಗಸ್ತ್ಯ ತೀರ್ಥದ ದಂಡೆಯ ಮೇಲೆ ಕೂತು ಸಂಜೆ ಬಿಸಿಲಿಗೆ ಆ ಬಂಡೆ ಕೆಂಪಾಗುವುದನ್ನು ಎಷ್ಟು ಸಲ ನೋಡಿದ್ದೇನೋ. ಝಾಯನ್‌ನ ಗೋಡೆಗಳೂ ಮರಳುಗಲ್ಲೇ. ಕೆಲವು ಕಡೆ 2,000 ಅಡಿ ಎತ್ತರ. ಒಂದು ಕಾಲದಲ್ಲಿ ಗಾಳಿ ತಂದು ಗುಡ್ಡೆ ಹಾಕಿದ ಮರಳು ದಿಬ್ಬಗಳು ಗಟ್ಟಿಯಾಗಿ ಆದ ಕಲ್ಲು, ಹತ್ತಿರ ಹತ್ತಿರ 18 ಕೋಟಿ ವರ್ಷ ಹಳೆಯದು. ಕಲ್ಲಿನ ಮೇಲಿನ ಓರೆ ಗೆರೆಗಳು ಆ ದಿಬ್ಬಗಳ ಗುರುತು. ನಮ್ಮ ಬಾದಾಮಿಯ ಕಲ್ಲು ಇದಕ್ಕಿಂತಲೂ ಎಷ್ಟೋ ಹಳೆಯದು. ಎರಡನೇ ಸಂಜೆ ಕುರ್ಚಿ ಹೊರಗೆ ಹಾಕಿಕೊಂಡು ಕೂತಿದ್ದಾಗ ಬಂಡೆಗೆ ಅದೇ ಬಣ್ಣ ಬಂತು. ನಾನು ಮಾತಾಡಲಿಲ್ಲ. ನಮ್ಮ ಮನೆಯವರೂ ಏನೂ ಕೇಳಲಿಲ್ಲ, ಒಳಗೆ ಹೋಗಿ ಚಹಾ ಮಾಡಿ ತಂದರು. ಒಂದೇ ರಾತ್ರಿ ಇದ್ದಿದ್ದರೆ ಆ ಹೊತ್ತಿನಲ್ಲಿ ನಾನು ಪೈಪ್ ಜೋಡಿಸುತ್ತಾ ಇರುತ್ತಿದ್ದೆ.

ಝಾಯನ್‌ನಿಂದ ಬ್ರೈಸ್‌ಗೆ ಹೋಗುವಾಗ ಒಂದು ಎಚ್ಚರ. ನಡುವೆ 1930ರಲ್ಲಿ ಮುಗಿದ, 1.1 ಮೈಲಿ ಉದ್ದದ ಸುರಂಗ ಇದೆ. ಆ ಕಾಲದ ಗಾಡಿಗಳಿಗೆ ಕೊರೆದದ್ದು. ನಾವು ಹೋದಾಗ 15 ಡಾಲರ್ ಕಟ್ಟಿದರೆ ರೇಂಜರ್‌ಗಳು ಎದುರಿನ ಗಾಡಿಗಳನ್ನು ತಡೆದು, ದೊಡ್ಡ ಗಾಡಿಗಳನ್ನು ನಡುರಸ್ತೆಯಲ್ಲಿ ದಾಟಿಸುತ್ತಿದ್ದರು. 2026ರ ಮಧ್ಯದಿಂದ ದೊಡ್ಡ ಗಾಡಿಗಳಿಗೆ ಆ ದಾರಿಯೇ ಇಲ್ಲ ಎಂದು ಪಾರ್ಕ್ ಪ್ರಕಟಿಸಿದೆ. 11 ಅಡಿ 4 ಇಂಚಿಗಿಂತ ಎತ್ತರ ಇದ್ದರೆ ಅದು ದೊಡ್ಡ ಗಾಡಿಯೇ, ಬಾಡಿಗೆಗೆ ಸಿಗುವ ಹೆಚ್ಚಿನ ಆರ್‌ವಿಗಳು ಅಷ್ಟು ಎತ್ತರ ಇರುತ್ತವೆ. ಆಗ ಐ-15 ಹೆದ್ದಾರಿ ಹಿಡಿದು ಉತ್ತರಕ್ಕೆ ಹೋಗಿ, ಯೂಟಾ 20ನೇ ರಸ್ತೆಯ ಮೂಲಕ 89ನೇ ಹೆದ್ದಾರಿಗೆ ಸೇರಿ. ಸುತ್ತು ಜಾಸ್ತಿ, ಆದರೆ ರಸ್ತೆ ಚೆನ್ನಾಗಿದೆ.

ಬ್ರೈಸ್‌ನಲ್ಲಿ ನಮಗೆ ತೊಂದರೆ ಆಯಿತು. ಅಲ್ಲಿನ ಬಂಡೆಯ ಅಂಚು ಸಮುದ್ರಮಟ್ಟದಿಂದ 8,000 ಅಡಿಗೂ ಮೇಲಿದೆ. ಅಕ್ಟೋಬರ್ ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಪಾರ್ಕಿನ ಒಳಗಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಕರೆಂಟ್ ಇಲ್ಲ. ಹೀಟರ್ ಗ್ಯಾಸಿನಲ್ಲಿ ಉರಿಯುವುದು ನಿಜ, ಆದರೆ ಬಿಸಿ ಗಾಳಿ ಊದುವ ಫ್ಯಾನಿಗೆ ಬ್ಯಾಟರಿ ಬೇಕು. ನಮಗೆ ಬಾಡಿಗೆಗೆ ಕೊಟ್ಟ ಗಾಡಿಯ ಬ್ಯಾಟರಿ ಸವೆದು ಹೋಗಿತ್ತು. ರಾತ್ರಿ ಮೂರು ಗಂಟೆಗೆ ಫ್ಯಾನ್ ನಿಂತಿತು. ರಾತ್ರಿ ಜನರೇಟರ್ ಹಾಕುವ ಹಾಗಿಲ್ಲ. ಇದ್ದಬದ್ದ ಸ್ವೆಟರ್ ಹಾಕಿಕೊಂಡು, ಎರಡು ರಜಾಯಿ ಹೊದ್ದು ಬೆಳಗು ಮಾಡಿದೆವು. ಹಾಗಾಗಿ ಗಾಡಿ ತಗೊಳ್ಳುವಾಗ ಅವಸರ ಮಾಡಬೇಡಿ. ಅಲ್ಲೇ ಹೀಟರ್, ಒಲೆ, ಫ್ರಿಜ್, ನೀರಿನ ಪಂಪ್ ಎಲ್ಲ ಹಾಕಿ ನೋಡಿ. ಬ್ಯಾಟರಿ ಎಷ್ಟು ಹಳೆಯದು ಅಂತ ಕೇಳಿ. ಹೊರಗೂ ಒಳಗೂ ವಿಡಿಯೋ ಮಾಡಿಟ್ಟುಕೊಳ್ಳಿ. ಚಳಿ ತಡೆಯದವರಾದರೆ ಪಾರ್ಕಿನ ಹೊರಗೆ ಕರೆಂಟ್ ಇರುವ ಜಾಗ ಹಿಡಿಯಿರಿ.

ಆದರೆ ಎದ್ದೇ ಇದ್ದದ್ದರಿಂದ ನಾಲ್ಕು ಗಂಟೆಗೆ ಹೊರಗೆ ಬಂದೆವು. ಅಷ್ಟು ನಕ್ಷತ್ರ ನಾನು ನಮ್ಮ ಊರಿನ ಮಾಳಿಗೆ ಮೇಲೆ ಮಲಗುತ್ತಿದ್ದ ಕಾಲದಲ್ಲಿ ನೋಡಿದ್ದು, ಆಮೇಲೆ ನೋಡಿರಲಿಲ್ಲ. ಹಾಗೇ ಸನ್‌ರೈಸ್ ಪಾಯಿಂಟ್‌ಗೆ ನಡೆದೆವು. ಸೂರ್ಯ ಬಂದಾಗ ಆ ಕಲ್ಲಿನ ಕಂಬಗಳು ಒಳಗಿನಿಂದ ದೀಪ ಹಚ್ಚಿದ ಹಾಗೆ ಕಾಣುತ್ತವೆ. ಬಿರುಕಿನಲ್ಲಿ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುವುದು, ಹಗಲು ಕರಗುವುದು, ಹೀಗೆ ವರ್ಷವರ್ಷವೂ ಕಲ್ಲನ್ನು ಒಡೆದು ಮಾಡಿದ ರೂಪ ಅದು. ನಮ್ಮನ್ನು ರಾತ್ರಿಯೆಲ್ಲ ನಡುಗಿಸಿದ ಚಳಿಯ ಕೆಲಸವೇ.

ಬ್ರೈಸ್‌ನಿಂದ ಕ್ಯಾಪಿಟಲ್ ರೀಫ್‌ಗೆ ಯೂಟಾ 12ನೇ ಹೆದ್ದಾರಿ. ಇದನ್ನು ಮಾತ್ರ ತಪ್ಪಿಸಬೇಡಿ. ಎಸ್ಕಲಾಂಟೆ ಊರು ದಾಟಿದ ಮೇಲೆ ಒಂದು ಕಡೆ ಬೆಟ್ಟದ ಬೆನ್ನಿನ ಮೇಲೆ ರಸ್ತೆ, ಎರಡೂ ಪಕ್ಕ ಪ್ರಪಾತ. ಗಾಳಿ ಜೋರಿದ್ದರೆ ನಿಲ್ಲಿಸಿ ಕಾಯಿರಿ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇರಬೇಡಿ, ಕೆಳಗಿನ ಗೇರಿಗೆ ಹಾಕಿ. ಮುಂದೆ ಬೌಲ್ಡರ್ ಅನ್ನುವ ಪುಟ್ಟ ಊರು. 1930ರ ದಶಕದಲ್ಲೂ ಅಲ್ಲಿಗೆ ಟಪಾಲು ಹೇಸರಗತ್ತೆ ಮೇಲೆ ಬರುತ್ತಿತ್ತು. ಆ ರಸ್ತೆ ನೋಡಿದ ಮೇಲೆ ಅದು ನಂಬಲು ಕಷ್ಟವಾಗುವುದಿಲ್ಲ. ಆಮೇಲೆ ಬೌಲ್ಡರ್ ಮೌಂಟನ್ ಹತ್ತುವಾಗ ಆಸ್ಪೆನ್ ಮರಗಳ ಹಳದಿ ಎಲೆ.

ಕ್ಯಾಪಿಟಲ್ ರೀಫ್ ಹೆಸರು ನಮ್ಮವರಲ್ಲಿ ಕಡಿಮೆ ಜನ ಹೇಳುತ್ತಾರೆ. ನನಗೆ ಅದೇ ಎಲ್ಲಕ್ಕಿಂತ ಇಷ್ಟ. ಕೆಂಪು ಬಂಡೆಗಳ ನಡುವೆ ಫ್ರೂಟಾ ಅನ್ನುವ ಹಳೆಯ ಹಳ್ಳಿ. 1880ರ ದಶಕದಲ್ಲಿ ಮಾರ್ಮನ್ ಅನ್ನುವ ಕ್ರೈಸ್ತ ಪಂಥದ ಕುಟುಂಬಗಳು ಬಂದು ನೆಲೆಸಿ ತೋಟ ಮಾಡಿದ್ದವು. ಒಂದೇ ಕಾಲಕ್ಕೆ ಹತ್ತು ಮನೆಗಿಂತ ಹೆಚ್ಚು ಇರಲೇ ಇಲ್ಲವಂತೆ. ಜನ ಹೋದರು, ತೋಟಗಳನ್ನು ಪಾರ್ಕಿನವರು ಈಗಲೂ ನೀರು ಹಾಯಿಸಿ ಉಳಿಸಿದ್ದಾರೆ. ಕ್ಯಾಂಪ್‌ಗ್ರೌಂಡ್ ತೋಟಗಳ ಮಗ್ಗುಲಲ್ಲೇ. ಕಾಲ ಕೂಡಿ ಬಂದರೆ ಸೇಬು ನೀವೇ ಕಿತ್ತು, ತೂಕ ಮಾಡಿ, ದುಡ್ಡು ಹಾಕಿ ಬರಬಹುದು. ಗಿಫರ್ಡ್ ಹೌಸ್ ಅನ್ನುವ ಹಳೆಯ ಮನೆಯಲ್ಲಿ ಹಣ್ಣಿನ ಪೈ ಮಾರುತ್ತಾರೆ.

ನಾವು ಅಲ್ಲಿದ್ದಾಗ, 2023ರ ಅಕ್ಟೋಬರ್ 14ರಂದು, ಕಂಕಣ ಸೂರ್ಯಗ್ರಹಣ. ಉಂಗುರ ನಾಲ್ಕು ನಿಮಿಷಕ್ಕೂ ಮೇಲೆ ಇತ್ತು. ಬಿಸಿಲು ಮಂಕಾಗಿ ಒಮ್ಮೆಲೇ ಚಳಿಯಾಯಿತು. ಗ್ರಹಣ ಬಿಡುವವರೆಗೆ ನಾನು ಒಲೆ ಹಚ್ಚಲಿಲ್ಲ, ಅವ್ವನ ಮನೆಯ ಅಭ್ಯಾಸ. ಆ ಬೆಳಿಗ್ಗೆ ಅಲ್ಲಿನ ಮೂಲನಿವಾಸಿಗಳಾದ ನವಾಹೋ ಜನ ತಮ್ಮ ಮಾನ್ಯುಮೆಂಟ್ ವ್ಯಾಲಿಯನ್ನು ಪ್ರವಾಸಿಗರಿಗೆ ಮುಚ್ಚಿದ್ದರು. ಅವರ ಸಂಪ್ರದಾಯದಲ್ಲಿ ಗ್ರಹಣ ನೋಡುವ ಹಾಗಿಲ್ಲ. ಆ ಹೊತ್ತಿನಲ್ಲಿ ಉಣ್ಣದೆ, ಮಲಗದೆ ಮನೆಯೊಳಗೆ ಸುಮ್ಮನೆ ಕೂರಬೇಕು. ಎಲ್ಲಿಯ ಅವ್ವ, ಎಲ್ಲಿಯ ನವಾಹೋ ಅಜ್ಜಿಯರು ಅಂತ ಅವತ್ತೆಲ್ಲ ಅದೇ ಯೋಚನೆ ನನಗೆ.

ನೀವು ಕೈಬಿಡಬೇಕಾದ್ದು ಆರ್ಚಸ್ ಮತ್ತು ಕ್ಯಾನ್ಯನ್‌ಲ್ಯಾಂಡ್ಸ್. ಕೆಟ್ಟ ಜಾಗ ಅಂತಲ್ಲ. ಅವೆರಡಕ್ಕೂ ಮೋಆಬ್ ಊರಿನಲ್ಲಿ ನಾಲ್ಕು ದಿನ ಬೇಕು, ಅದು ಬೇರೆಯದೇ ಪ್ರವಾಸ.

ಕ್ಯಾಪಿಟಲ್ ರೀಫ್‌ನಿಂದ ಮಾನ್ಯುಮೆಂಟ್ ವ್ಯಾಲಿಗೆ ಹೋಗುವಾಗ ಫೋನಿನ ಮ್ಯಾಪ್ ನಿಮ್ಮನ್ನು ಯೂಟಾ 261ನೇ ರಸ್ತೆಗೆ ತಿರುಗಿಸಬಹುದು. ಹೋಗಬೇಡಿ. ಅಲ್ಲಿ ಮೋಕಿ ಡಗ್‌ವೇ ಅನ್ನುವ ಇಳಿಜಾರಿದೆ. ಜಲ್ಲಿ ರಸ್ತೆ, ಹೇರ್‌ಪಿನ್ ತಿರುವು, ಮೂರು ಮೈಲಿಯಲ್ಲಿ ಸುಮಾರು 1,200 ಅಡಿ ಕೆಳಗೆ. 95ನೇ ಹೆದ್ದಾರಿಯಲ್ಲೇ ಮುಂದುವರಿದು 191ನೇ ಹೆದ್ದಾರಿ ಹಿಡಿದು ಬ್ಲಫ್ ಊರಿನ ಮೇಲೆ ಹೋಗಿ. ಕಣಿವೆಯ ಒಳಗಿನ 17 ಮೈಲಿ ಮಣ್ಣು ರಸ್ತೆಗೂ ಆರ್‌ವಿ ಬಿಡುವುದಿಲ್ಲ, ನವಾಹೋ ಗೈಡ್‌ಗಳ ಜೀಪಿನಲ್ಲಿ ಹೋಗಿ. ಗಡಿಯಾರದ ಬಗ್ಗೆಯೂ ಹುಷಾರು. ಅರಿಜೋನಾದಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾಕುವುದಿಲ್ಲ, ಆದರೆ ನವಾಹೋ ನೆಲದಲ್ಲಿ ಹಾಕುತ್ತಾರೆ. ಫೋನ್ ಒಂದೊಂದು ತಿರುವಿಗೆ ಒಂದೊಂದು ಗಂಟೆ ತೋರಿಸುತ್ತದೆ.

ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ರಿಮ್, ಅಂದರೆ ದಕ್ಷಿಣದ ಅಂಚಿನಲ್ಲಿರುವ ಟ್ರೇಲರ್ ವಿಲೇಜ್ ಅನ್ನುವ ಕ್ಯಾಂಪ್‌ಗ್ರೌಂಡ್‌ನಲ್ಲಿ ಕರೆಂಟ್, ನೀರು, ಕೊಳಚೆ ಮೂರರ ಸಂಪರ್ಕವೂ ಇದೆ. ಅಲ್ಲಿ ಗಾಡಿ ನಿಲ್ಲಿಸಿ ಎರಡು ದಿನ ಪಾರ್ಕಿನ ಉಚಿತ ಬಸ್ಸಿನಲ್ಲಿ ಓಡಾಡಿದರೆ ಸಾಕು.

ಊಟಕ್ಕೆ ನಮ್ಮನ್ನು ಕಾಪಾಡಿದ್ದು ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿ ಪುಡಿ. ಕೆಡುವುದಿಲ್ಲ, ಒಲೆ ಬೇಡ, ಜಾಗ ಕಡಿಮೆ. ಮೊಸರು ಎಲ್ಲಾ ಊರಲ್ಲೂ ಸಿಗುತ್ತದೆ. ನಮ್ಮ ಮನೆಯವರು ಮೈಸೂರು ಕಡೆಯವರು, ಅವರಿಗೆ ರಾತ್ರಿ ಅನ್ನ ಸಾರು ಬೇಕೇ ಬೇಕು. ಅದಕ್ಕೆ ಗ್ಯಾಸ್ ಒಲೆ ಮೇಲೆ ಇಡುವ ಸಣ್ಣ ಪ್ರೆಶರ್ ಕುಕ್ಕರ್ ಒಯ್ಯಿರಿ. ಬ್ರೈಸ್‌ನ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯುವುದೇ ಇಲ್ಲ. ಕರೆಂಟಿನ ಕುಕ್ಕರ್ ಸಂಪರ್ಕ ಇಲ್ಲದ ಕಡೆ ಕೆಲಸಕ್ಕೆ ಬಾರದು. ಒಗ್ಗರಣೆಗೆ ಮುಂಚೆ ಮೇಲಿನ ಫ್ಯಾನ್ ಹಾಕಿ ಕಿಟಕಿ ತೆರೆಯಿರಿ. ಬೇಳೆ, ಮಸಾಲೆ ಎಲ್ಲ ಲಾಸ್ ವೇಗಸ್‌ನಲ್ಲೇ ತುಂಬಿಸಿಕೊಳ್ಳಿ.

ಅಗ್ಗವಾ ಅಂದರೆ, ನಮಗಂತೂ ಆಗಲಿಲ್ಲ. ದಿನದ ಬಾಡಿಗೆ ನೋಡಿ ಮೋಸ ಹೋಗಬೇಡಿ. ಮೈಲಿಗೆ ಇಷ್ಟು, ಜನರೇಟರ್ ಗಂಟೆಗೆ ಇಷ್ಟು, ಹಾಸಿಗೆ ಪಾತ್ರೆಗೆ ಇಷ್ಟು, ಇನ್ಶೂರೆನ್ಸ್ ಬೇರೆ. ನಾವು ಓಡಿಸಿದ್ದು ಸುಮಾರು 1,100 ಮೈಲಿ, ಗ್ಯಾಲನ್‌ಗೆ ಒಂಬತ್ತು ಮೈಲಿ ಬಂತು. ಪಾರ್ಕುಗಳಿಗೆ ವಾರ್ಷಿಕ ಪಾಸ್ ತಗೊಳ್ಳಿ. 2026ರಿಂದ ಅಮೆರಿಕದಲ್ಲಿ ನೆಲೆಸಿದವರಿಗೆ 80 ಡಾಲರ್, ಹೊರದೇಶದವರಿಗೆ 250.

ಕೊನೆಗೆ, ನೀವು ಕೇಳದೇ ಇದ್ದದ್ದು. ಗಾಡಿ ಹಿಂದಕ್ಕೆ ತಗೊಳ್ಳುವಾಗ ಗಂಡ ಹೆಂಡತಿ ನಡುವೆ ಜಗಳ ಆಗುತ್ತದೆ. 2017ರಲ್ಲಿ ನಮಗೆ ದಿನಾ ಆಗುತ್ತಿತ್ತು. ಎರಡನೇ ಸಲ ಮೊದಲೇ ಮಾತಾಡಿಕೊಂಡೆವು. ಹಿಂದೆ ನಿಂತವರು ಕನ್ನಡಿಯಲ್ಲಿ ಕಾಣದೇ ಹೋದರೆ ಓಡಿಸುವವರು ನಿಲ್ಲಿಸಬೇಕು. ಕೂಗುವುದು ಬೇಡ, ಫೋನ್ ಹಚ್ಚಿ ಮೆಲ್ಲಗೆ ಹೇಳುವುದು. ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಂದು ಗಂಟೆ ಇಬ್ಬರೂ ಅಭ್ಯಾಸ ಮಾಡಿದೆವು. ಕೊಳಚೆ ಟ್ಯಾಂಕ್ ಅವರ ಕೆಲಸ, ಕೈಗವಸು ಹಾಕಿಕೊಂಡು ಮೊದಲು ಶೌಚದ ಟ್ಯಾಂಕ್, ಆಮೇಲೆ ಬಚ್ಚಲು ನೀರಿನದು, ಆ ನೀರಿಗೆ ಪೈಪ್ ತೊಳೆದು ಹೋಗುತ್ತದೆ. ಒಳಗಿನ ಚಿಲಕಗಳು ನನ್ನ ಕೆಲಸ. ನಿಮ್ಮ ಹೆಂಡತಿಯೂ ಓಡಿಸಲಿ. ನಾನು ಓಡಿಸಿದ ದಿನವೇ ನಮ್ಮ ಮನೆಯವರು ಕಿಟಕಿಯಿಂದ ಹೊರಗೆ ನೋಡಿದ್ದು.

ಗಾಡಿ ಬುಕ್ ಮಾಡುವ ಮುಂಚೆ ಜಾಗ ಬುಕ್ ಮಾಡಿ. ಝಾಯನ್‌ನ ವಾಚ್‌ಮನ್, ಕ್ಯಾಪಿಟಲ್ ರೀಫ್‌ನ ಫ್ರೂಟಾ ಎರಡೂ ಕ್ಯಾಂಪ್‌ಗ್ರೌಂಡ್‌ಗಳ ಬುಕಿಂಗ್ ಆರು ತಿಂಗಳು ಮುಂಚೆ ತೆರೆಯುತ್ತದೆ, ಬೇಗ ತುಂಬುತ್ತದೆ. ಅಕ್ಟೋಬರ್‌ಗೆ ಅಂದರೆ ಏಪ್ರಿಲ್‌ನಲ್ಲಿ ಬೆಳಿಗ್ಗೆ ಎದ್ದು ಕೂರಬೇಕು. ಮೊದಲು ವಾಚ್‌ಮನ್‌ನಲ್ಲಿ ಮೂರು ರಾತ್ರಿ ಹಿಡಿಯಿರಿ, ಅದು ಸಿಕ್ಕ ದಿನಾಂಕಕ್ಕೆ ಉಳಿದದ್ದನ್ನು ಜೋಡಿಸಿ.