ಪ್ರೊಜೆಕ್ಟೈಲ್ (ಎಸೆದ ವಸ್ತುವಿನ ಚಲನೆ) ಸೂತ್ರಗಳನ್ನು ಮರೆಯದಂತೆ ನೆನಪಿಟ್ಟುಕೊಳ್ಳುವುದು ಹೇಗೆ?

ನೆನಪಿಟ್ಟುಕೊಳ್ಳಬೇಡಿ. ನಾನು ನೆನಪಿಟ್ಟುಕೊಂಡೇ ಕೆಟ್ಟವನು.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ್ದೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ತಲೆಗೆ ಹತ್ತದ್ದನ್ನು ಬಾಯಿಪಾಠ ಮಾಡುತ್ತಿದ್ದೆ. ಹಾರಾಟದ ಕಾಲ, ಗರಿಷ್ಠ ಎತ್ತರ, ರೇಂಜ್ (ಮುಂದಕ್ಕೆ ಸಾಗುವ ದೂರ), ಈ ಮೂರೂ ಸೂತ್ರಗಳು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಬಾಯಿಗೆ ಬರುತ್ತಿದ್ದವು.

ಪ್ರವೇಶ ಪರೀಕ್ಷೆಯಲ್ಲಿ ಬಂದ ಪ್ರಶ್ನೆ ಇದು: 15 ಮೀಟರ್ ಎತ್ತರದ ಕಟ್ಟಡದ ಅಂಚಿನಿಂದ ಚೆಂಡನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, 30 ಡಿಗ್ರಿ ಮೇಲ್ಮುಖವಾಗಿ ಎಸೆದರೆ ಬುಡದಿಂದ ಎಷ್ಟು ದೂರದಲ್ಲಿ ನೆಲ ಮುಟ್ಟುತ್ತದೆ? ಗುರುತ್ವ ವೇಗೋತ್ಕರ್ಷ 10 ಎಂದು ಹಿಡಿಯಬೇಕು. ರೇಂಜ್ ಸೂತ್ರಕ್ಕೆ ಸಂಖ್ಯೆ ತುಂಬಿದೆ, 34.6 ಬಂತು. ಆಯ್ಕೆಗಳಲ್ಲಿ ಅದು ಇದ್ದೇ ಇತ್ತು. ಗುರುತು ಹಾಕಿ ಮುಂದೆ ಹೋದೆ. ಸರಿಯುತ್ತರ 52. ಇದೇ ಬಗೆಯ ಇನ್ನೆರಡು ಪ್ರಶ್ನೆಗಳೂ ಹೀಗೇ ಹೋದವು. ಬಯಸಿದ ಸೀಟು ಕೈತಪ್ಪಿತು.

ತಪ್ಪು ಎಲ್ಲಿತ್ತೆಂದು ತಿಳಿದದ್ದು ಆ ಬೇಸಿಗೆಯಲ್ಲಿ. ಅಪ್ಪ ಗಾರೆ ಕೆಲಸದವರು. ಹೊಸ ತಾರಸಿಗೆ ಕ್ಯೂರಿಂಗ್ ನೀರು ಹಾಕಲು ನನ್ನನ್ನು ಹತ್ತಿಸಿದ್ದರು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹೊರಗೆ ಚಿಮ್ಮಿಸಿದೆ. ನೀರು ಏರಿತು, ಬಾಗಿತು, ನನ್ನ ಕೈಯ ಮಟ್ಟಕ್ಕೆ ಇಳಿಯಿತು. ಅಲ್ಲಿಗೆ ನಿಲ್ಲಲಿಲ್ಲ, ಇನ್ನೂ ಮುಂದೆ ಸಾಗಿ ಕೆಳಗಿನ ಮರಳಿನ ರಾಶಿಯ ಮೇಲೆ ಬಿತ್ತು. ನನ್ನ ಸೂತ್ರ ಕೈಯ ಮಟ್ಟದವರೆಗೆ ಮಾತ್ರ ಲೆಕ್ಕ ಹಾಕಿತ್ತು. ಎಸೆದ ಮಟ್ಟ ಮತ್ತು ಬೀಳುವ ಮಟ್ಟ ಒಂದೇ ಆಗಿದ್ದರೆ ಮಾತ್ರ ಅದು ಸರಿ. ಈ ಷರತ್ತು ಪುಸ್ತಕದಲ್ಲಿತ್ತು. ನಾನು ಸೂತ್ರವನ್ನಷ್ಟೇ ಉರು ಹೊಡೆದಿದ್ದೆ. 45 ಡಿಗ್ರಿಯಲ್ಲಿ ಎಸೆದರೆ ಅತಿ ದೂರ ಎಂಬ ಮಾತಿಗೂ ಇದೇ ಷರತ್ತು. ಗುಂಡು ಎಸೆಯುವವರ ಕೈಯಿಂದ ಗುಂಡು ಹೊರಡುವುದು ಭುಜಕ್ಕಿಂತ ಮೇಲಿನಿಂದ, ಹಾಗಾಗಿ ಅವರಿಗೆ 45ಕ್ಕಿಂತ ಕಡಿಮೆ ಕೋನವೇ ಒಳ್ಳೆಯದು.

ನೀವು ಮಾಡಬೇಕಾದದ್ದು ಇಷ್ಟೇ. ವೇಗ ಒಂದು ವೆಕ್ಟರ್, ಅಂದರೆ ಅದಕ್ಕೆ ದಿಕ್ಕೂ ಇದೆ. ಆ ಪರೀಕ್ಷೆಯ ಚೆಂಡಿನ ವೇಗವನ್ನು ಎರಡಾಗಿ ಒಡೆಯಿರಿ: ಮುಂದಕ್ಕೆ 20 cos 30°, ಅಂದರೆ 17.3; ಮೇಲಕ್ಕೆ 20 sin 30°, ಅಂದರೆ 10. ಗಾಳಿಯ ತಡೆ ಬಿಟ್ಟರೆ ಮುಂದಿನದು ಬದಲಾಗುವುದಿಲ್ಲ, ಏಕೆಂದರೆ ಗುರುತ್ವ ಎಳೆಯುವುದು ಕೆಳಕ್ಕೆ ಮಾತ್ರ. ಮೇಲಿನದು ಒಂದೇ ಸೆಕೆಂಡಿನಲ್ಲಿ ಸೊನ್ನೆಯಾಗುತ್ತದೆ; ಅಷ್ಟರಲ್ಲಿ ಚೆಂಡು 5 ಮೀಟರ್ ಏರಿರುತ್ತದೆ. ಈಗ ನೆಲ 20 ಮೀಟರ್ ಕೆಳಗೆ, ಅಷ್ಟು ಬೀಳಲು 2 ಸೆಕೆಂಡ್. ಒಟ್ಟು 3. ಮೂರರಿಂದ 17.3 ಗುಣಿಸಿದರೆ 52. ಎರಡು ಘಟಕಗಳಿಗೂ ಸಾಮಾನ್ಯವಾದದ್ದು ಕಾಲ ಒಂದೇ, ಅದನ್ನು ಹಿಡಿದುಕೊಳ್ಳಿ.

ಇಂದು ರಾತ್ರಿ ಅದೇ ಚೆಂಡನ್ನು 30 ಡಿಗ್ರಿ ಕೆಳಮುಖವಾಗಿ ಎಸೆದು ಲೆಕ್ಕ ಮಾಡಿ. ಒಂದು ಸೆಕೆಂಡಿನಲ್ಲಿ, 17.3 ಮೀಟರ್ ದೂರದಲ್ಲಿ ಬೀಳುತ್ತದೆ. ಅದಕ್ಕೆ 34.6 ಕೂಡಿಸಿ ನೋಡಿ. ನಾನು ಪರೀಕ್ಷೆಯಲ್ಲಿ ಕಳೆದುಕೊಂಡದ್ದು ಆ ಒಂದು ಸೆಕೆಂಡನ್ನೇ.