ಕಿಟಕಿ ಮೂಲೆಯ ಕುಂಬಾರ ಹುಳು

ಪ್ರಶ್ನೆ: ಮೇಡಂ, ನಮ್ಮದು ರಾಜಾಜಿನಗರದಲ್ಲಿ ಎರಡನೇ ಮಹಡಿಯ ಮನೆ. ಮಗಳ ರೂಮಿನ ಕಿಟಕಿ ಮೂಲೆಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟುತ್ತಿದೆ. ಮಗಳಿಗೆ ಏಳು ವರ್ಷ. ಗುಂಯ್ ಅಂದರೆ ಸಾಕು, ಕಿರುಚಿಕೊಂಡು ಓಡುತ್ತಾಳೆ. ಅತ್ತೆ ಪೊರಕೆ ಹಿಡಿದು ನಿಂತಿದ್ದಾರೆ. "ಜೇನು ಹುಳು ಜೇನು ಕೊಡುತ್ತೆ, ಇದು ಏನು ಕೊಡುತ್ತೆ?" ಅಂತ ಮಗಳು ಕೇಳುತ್ತಾಳೆ. ಏನು ಹೇಳಲಿ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ದಯವಿಟ್ಟು ಅತ್ತೆಯವರಿಗೆ ಒಂದೆರಡು ತಿಂಗಳು ತಡೆಯಲು ಹೇಳಿ.

ಗೂಡು ಮಣ್ಣಿನದು ಅಂದಿರಿ. ಪುಟ್ಟ ಮಡಕೆಯ ಹಾಗಿದ್ದರೆ ಅದು ಕುಂಬಾರ ಹುಳು. ಅಲ್ಲಿ ಇರುವುದು ಒಬ್ಬಳೇ ತಾಯಿ. ಕಾವಲಿಗೆ ಗುಂಪಿಲ್ಲ. ಕೈಯಲ್ಲಿ ಹಿಡಿದರೆ ಕುಟುಕಬಹುದು, ಸುಮ್ನೆ ನೋಡುವವರ ತಂಟೆಗೆ ಬರುವುದಿಲ್ಲ. ಕಿಟಕಿ ಮುಚ್ಚಿ, ಗಾಜಿನ ಒಳಗಡೆ ಮಗಳನ್ನು ಕೂರಿಸಿ. ನೀವೂ ಪಕ್ಕದಲ್ಲೇ ಕೂತುಕೊಳ್ಳಿ. ಮೂವತ್ತು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ಮಕ್ಕಳು ಹುಳುವಿಗಿಂತ ಜಾಸ್ತಿ ದೊಡ್ಡವರ ಮುಖ ನೋಡಿ ಹೆದರುತ್ತಾರೆ.

ಮಲ್ಲೇಶ್ವರದ ನಮ್ಮ ಮನೆಯಲ್ಲಿ ನಾನೂ ಮೊಮ್ಮಗನೂ ಹೀಗೇ ಕೂತು ನೋಡಿದ್ದೇವೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬುಡದ ಹಸಿ ಮಣ್ಣನ್ನು ಆ ತಾಯಿ ಉಂಡೆ ಮಾಡಿ ಬಾಯಲ್ಲಿ ಕಚ್ಚಿ ತರುತ್ತಿದ್ದಳು. ಒಂದೊಂದು ಸಲ ಬಂದಾಗಲೂ ಮೊಮ್ಮಗ ನೋಟ್‌ಬುಕ್‌ನಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಮಡಕೆಗೆ ಕತ್ತು ಬಂದ ಮೇಲೆ ಅವಳು ಒಳಗೆ ಒಂದು ಮೊಟ್ಟೆ ಇಡುತ್ತಾಳೆ. ಅದು ಎಳೆಯಲ್ಲಿ ತೂಗುಬಿದ್ದಿರುತ್ತದೆ. ಆಮೇಲೆ ಹಸಿರು ಕಂಬಳಿಹುಳುಗಳನ್ನು ಒಂದೊಂದಾಗಿ ತಂದು ತುರುಕಿ, ಬಾಯಿ ಮುಚ್ಚಿಬಿಡುತ್ತಾಳೆ. ಆ ಹುಳುಗಳು ಸತ್ತಿರುವುದಿಲ್ಲ. ಕುಟುಕಿದ್ದರಿಂದ ಅಲುಗಾಡಲು ಆಗುವುದಿಲ್ಲ, ಅಷ್ಟೇ. ಸತ್ತರೆ ಕೊಳೆಯುತ್ತವೆ. ಮರಿಗೆ ತಾಜಾ ಊಟ ಬೇಕಲ್ವಾ?

"ಪಾಪ ಹುಳು" ಅಂತ ಮಗಳು ಅಂದೇ ಅನ್ನುತ್ತಾಳೆ. ಮುಚ್ಚಿಡಬೇಡಿ. ಹೌದು ಪಾಪ, ಆದರೆ ಈ ಮರಿಗೂ ಹಸಿವಿದೆ ಅನ್ನಿ. ನನ್ನ ಮೊಮ್ಮಗ ಅರ್ಧ ದಿನ ಬೇಜಾರಲ್ಲಿದ್ದ, ಸಂಜೆ ತಾನಾಗಿಯೇ ಕಿಟಕಿಗೆ ವಾಪಸ್ ಬಂದ.

ನಮ್ಮಜ್ಜಿ ಹೇಳುತ್ತಿದ್ದ ಕಥೆ ಬೇರೆ. ಈ ಹುಳು ಕಂಬಳಿಹುಳುವನ್ನು ಗೂಡಲ್ಲಿ ಕೂಡಿಟ್ಟು "ನನ್ನಂತಾಗು, ನನ್ನಂತಾಗು" ಅಂತ ಝೇಂಕರಿಸುತ್ತಂತೆ, ಅದು ಹಾಗೇ ಆಗಿಬಿಡುತ್ತಂತೆ. ಭ್ರಮರ-ಕೀಟ ನ್ಯಾಯ ಅಂತ ಹಿರಿಯರು ಹೇಳುವುದು ಇದನ್ನೇ. ಒಳಗೆ ಹೋದದ್ದು ಕಂಬಳಿಹುಳು, ಹೊರಗೆ ಬಂದದ್ದು ಕಣಜ. ಮೊಟ್ಟೆ ಅವರಿಗೆ ಕಂಡಿರಲಿಲ್ಲ. ಕಥೆ ಹೇಳಿ, ಮೊಟ್ಟೆಯ ವಿಷಯವನ್ನೂ ಹೇಳಿ. ಮಕ್ಕಳಿಗೆ ಎರಡೂ ಇಷ್ಟವಾಗುತ್ತವೆ.

ಇನ್ನು, ಕಣಜ ಏನು ಕೊಡುತ್ತೆ? ಅದು ಹಿಡಿಯುವ ಒಂದೊಂದು ಹುಳುವೂ ಯಾವುದೋ ಗಿಡದ ಎಲೆ ತಿನ್ನುತ್ತಿದ್ದದ್ದೇ. ಮಗಳಿಗೆ ಪಪ್ಪಾಯಿ ಇಷ್ಟವಾದರೆ ಈ ಕಥೆ ಹೇಳಿ. 2008ರಲ್ಲಿ ಕೊಯಮತ್ತೂರಿನ ಕಡೆ ಪಪ್ಪಾಯಿ ಗಿಡಗಳಿಗೆ ಹೊರದೇಶದ ಬಿಳಿ ಹಿಟ್ಟು ತಿಗಣೆ ಅಂಟಿತು. ಹಿಪ್ಪುನೇರಳೆಗೂ ಹಬ್ಬಿತು. ಔಷಧಿ ಹೊಡೆದು ರೈತರು ಸೋತರು. ಆಗ ನಮ್ಮ ಬೆಂಗಳೂರಿನ ಕೀಟ ವಿಜ್ಞಾನಿಗಳು 2010ರಲ್ಲಿ ಪೋರ್ಟೊರಿಕೊದಿಂದ ಪುಟಾಣಿ ಕಣಜಗಳನ್ನು ತರಿಸಿ, ಬೆಳೆಸಿ, ತೋಟಗಳಿಗೆ ಬಿಟ್ಟರು. ರಾಗಿ ಕಾಳಿಗಿಂತ ಚಿಕ್ಕವು, ಮನುಷ್ಯರಿಗೆ ಕುಟುಕುವುದೂ ಇಲ್ಲ. ತಿಗಣೆಯ ಒಳಗೇ ಮೊಟ್ಟೆ ಇಟ್ಟು ಅದನ್ನು ಹದ್ದುಬಸ್ತಿಗೆ ತಂದವು. ಅತ್ತಿ ಹಣ್ಣು ಬಿಚ್ಚಿದಾಗ ಕಾಣುವ ಹುಳುಗಳಲ್ಲೂ ಕಣಜಗಳಿವೆ. ಅವು ಪರಾಗ ಹೊತ್ತು ಒಳಗೆ ನುಗ್ಗದಿದ್ದರೆ ಅತ್ತಿಯಲ್ಲಿ ಬೀಜವೇ ಕಟ್ಟುವುದಿಲ್ಲ.

ಗೂಡು ಮಣ್ಣಿನದಲ್ಲದೆ ಬೂದು ಕಾಗದದ ಥರ ಇದ್ದು, ಸಾಲು ಸಾಲು ಕೋಣೆಗಳಿದ್ದರೆ ಮಾತ್ರ ದೂರ ನಿಲ್ಲಿ. ಅದು ಗುಂಪಿನ ಸಂಸಾರ. ಕಲ್ಲು ಎಸೆದರೆ ಎಲ್ಲವೂ ಮೈಮೇಲೆ ಬರುತ್ತವೆ. ಇಂಥ ಕಾಗದದ ಗೂಡಿನ ಒಂದು ಜಾತಿಯನ್ನು ಇಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಕೂತು ನೋಡಿದ್ದಾರೆ. ಗುರುತು ಹಿಡಿಯಲು ಒಂದೊಂದಕ್ಕೂ ಬಣ್ಣದ ಚುಕ್ಕೆ! ಆ ಗೂಡಿನ ರಾಣಿ ತುಂಬಾ ಸಾಧು. ರಾಣಿಯನ್ನು ತೆಗೆದರೆ ಕೆಲಸಗಾರ್ತಿಯರಲ್ಲೇ ಒಬ್ಬಳು ಏಕಾಏಕಿ ಜೋರಾಗುತ್ತಾಳೆ. ವಾರದೊಳಗೆ ಮೊಟ್ಟೆ ಇಡಲು ಶುರುಮಾಡಿ, ಅವಳೂ ಸಾಧುವಾಗುತ್ತಾಳೆ. ನನ್ನ ಕ್ಲಾಸಿನಲ್ಲಿ ಇದನ್ನು ಹೇಳಿದ ದಿನ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಅಕಸ್ಮಾತ್ ಕುಟುಕಿದರೆ ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಮುಖ, ನಾಲಿಗೆ ಊದಿದರೆ, ಉಸಿರು ಕಟ್ಟಿದಂತಾದರೆ, ಮೈಯೆಲ್ಲ ದದ್ದು ಎದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕೆಲವು ವಾರ ಕಳೆದ ಮೇಲೆ ಮಡಕೆಯಲ್ಲಿ ಒಂದು ದುಂಡನೆಯ ತೂತು ಕಾಣುತ್ತದೆ. ಮರಿ ರೆಕ್ಕೆ ಬಲಿತು ಹೋಗಿರುತ್ತದೆ. ಆಗ ಒಳಗೆ ಬೇರೆ ಯಾವ ಹುಳುವೂ ಸೇರಿಲ್ಲವೆಂದು ನೋಡಿಕೊಂಡು, ಮೆಲ್ಲಗೆ ಬಿಡಿಸಿ ಮಗಳ ಕೈಗೆ ಕೊಡಿ. ನಮ್ಮ ಮೊಮ್ಮಗ ತನ್ನದನ್ನು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಇಟ್ಟುಕೊಂಡಿದ್ದಾನೆ.